ಏಳು ತಿಂಗಳಿಗೆ ಒಂಬತ್ತು ಚಮಚ ಆರ್ಮಿ ಸ್ಟ್ಯೂ

ಮೊದಲು ಮಾತು ಕೇಳದೆ ಹೋದದ್ದು ಚಹಾ.

ಗೋಕಾಕದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಬೆಳಗಿನ ಮೊದಲ ಗುಟುಕು ತೆಗೆದುಕೊಂಡೆ. ಅರ್ಧ ಚಹಾ ತುಟಿಯ ಎಡಗಡೆಯಿಂದ ಅಂಗಿಯ ಮೇಲೆ ಇಳಿಯಿತು. ಉಳಿದರ್ಧ ಮೂಗಿನಿಂದ ಬಂತು. ಎದ್ದು ನಿಲ್ಲಲು ಹೋದೆ. ನೆಲ ಒಂದು ಕಡೆ ವಾಲಿತು.

"ಏನಾತ್ರಿ?" ಎಂದಳು ನನ್ನ ಹೆಂಡತಿ ಶಾಂತವ್ವ.

"ಏನಿಲ್ಲ" ಎಂದೆ. ಆಕೆಗೆ ಅದು ಕನ್ನಡ ಎನ್ನಿಸಲಿಲ್ಲ.

ಸ್ಟ್ರೋಕ್.

ಸಣ್ಣದು ಎಂದರು ಬೆಳಗಾವಿಯ ಡಾಕ್ಟರು. ಎಂಆರ್‌ಐಯಲ್ಲಿ ಮಿದುಳಿನ ಬುಡದ ಹತ್ತಿರ ಸಾಸಿವೆಯಷ್ಟು ಬಿಳಿ ಚುಕ್ಕೆ ತೋರಿಸಿದರು. ಮೂವತ್ತೆರಡು ವರ್ಷ ಮೋಜಣಿ, ಅಂದರೆ ಸರ್ವೇ ಇಲಾಖೆಯಲ್ಲಿದ್ದು ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲಗಳನ್ನೆಲ್ಲ ಸರಪಳಿ ಎಳೆದು ಅಳೆದವನು ನಾನು. ಸಾಸಿವೆಯಷ್ಟು ಜಾಗಕ್ಕೆ ಇಷ್ಟು ದೊಡ್ಡ ತಕರಾರನ್ನು ಎಂದೂ ಕಂಡಿರಲಿಲ್ಲ. ಗಂಟಲಲ್ಲಿ ಅನ್ನದ ನಳಿಗೆ, ಉಸಿರಿನ ನಳಿಗೆ ಎರಡೂ ಒಂದರ ಬಾಜೂ ಒಂದು ಇವೆ, ನುಂಗುವಾಗ ಉಸಿರಿನ ಬಾಗಿಲು ಮುಚ್ಚಬೇಕು, ನಿಮ್ಮದು ಮುಚ್ಚುತ್ತಿಲ್ಲ ಎಂದು ಅವರು ವಿವರಿಸಿದರು. ಕೂಡಲೇ ತಿಳಿಯಿತು. ಬದುವಿನ ಜಗಳ.

ಮೂಗಿನಲ್ಲಿ ಟ್ಯೂಬ್ ಹಾಕಿದರು. ಶಾಂತವ್ವ ಎರಡು ತಾಸಿಗೊಮ್ಮೆ ಬೇಳೆಯ ಕಟ್ಟನ್ನು ಸಿರಿಂಜಿನಿಂದ ಒಳಗೆ ಬಿಡುತ್ತಿದ್ದಳು. ಹೊಟ್ಟೆ ತುಂಬುತ್ತಿತ್ತು. ಊಟ ಆಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮನುಷ್ಯ ದೇವರನ್ನು ನೆನೆಯಬೇಕು. ನೆನೆದೆ ಕೂಡ. ಆದರೆ ಲಿಂಗ ಅಂಗೈಯಲ್ಲಿದ್ದಾಗಲೂ ಮನಸ್ಸು ಸಂಕೇಶ್ವರದಲ್ಲಿರುತ್ತಿತ್ತು.

ಸಂಕೇಶ್ವರದಲ್ಲಿ ಹೈವೇ ಪಕ್ಕ ಬಾಳಪ್ಪನ ಹೋಟೆಲಿದೆ. ಬಾಳಪ್ಪ ಮಿಲಿಟರಿಯಲ್ಲಿ ಅಡುಗೆಯವನಾಗಿದ್ದು ನಿವೃತ್ತನಾದವನು. ಜೊತೆಗಿದ್ದ, ಕೊರಿಯಾದ ಸಿನಿಮಾಗಳ ಹುಚ್ಚಿನ ಮಣಿಪುರದ ಸಿಪಾಯಿಗಳಿಂದ ಒಂದು ಕೊರಿಯಾದ ಪದಾರ್ಥ ಕಲಿತು ಬಂದಿದ್ದಾನೆ. ಯುದ್ಧದ ನಂತರದ ಬಡತನದಲ್ಲಿ ಅಲ್ಲಿಯ ಜನ ಪರದೇಶದ ಸೈನ್ಯದ ಕ್ಯಾಂಪಿನಿಂದ ಬಂದ ಡಬ್ಬಿಯ ಮಾಂಸವನ್ನು ತಮ್ಮ ಹುಳಿ-ಖಾರದ ಕೋಸಿನೊಂದಿಗೆ ಕುದಿಸಿ ಉಂಡರಂತೆ. ಅದೇ ಆರ್ಮಿ ಸ್ಟ್ಯೂ. ನಮ್ಮಂಥ ಗಿರಾಕಿಗಳಿಗಾಗಿ ಬಾಳಪ್ಪ ಮಾಂಸದ ಜಾಗದಲ್ಲಿ ಪನೀರು, ಅಣಬೆ, ಕಾಳು ಹಾಕುತ್ತಾನೆ. ಕೋಸಿಗೆ ಬ್ಯಾಡಗಿ ಮೆಣಸಿನಕಾಯಿ, ಮೇಲೊಂದು ಹಿಡಿ ನೂಡಲ್ಸ್. ಟೇಬಲ್ಲಿನ ಮೇಲೇ ಸಣ್ಣ ಒಲೆ ಇಟ್ಟು ಕುದಿಸುತ್ತಾನೆ. ಹುಕ್ಕೇರಿ ಕಚೇರಿಯಲ್ಲಿದ್ದ ಕೊನೆಯ ಆರು ವರ್ಷ ಅಲ್ಲಿ ವಾರಕ್ಕೊಮ್ಮೆ ತಪ್ಪದೆ ಹಾಜರಿ ಹಾಕಿದ್ದೇನೆ. ಕಚೇರಿಯ ಹಾಜರಿ ಬೇರೆ ವಿಷಯ.

ನುಂಗುವುದನ್ನು ಕಲಿಸಲು ಒಬ್ಬ ಥೆರಪಿಸ್ಟ್ ಮೇಡಂ ಬರುತ್ತಿದ್ದರು. ನನ್ನ ಮಾತು ಇನ್ನೂ ಯಾರಿಗೂ ತಿಳಿಯುತ್ತಿರಲಿಲ್ಲ; ಸ್ಟ್ಯೂ ಯಾವಾಗ ಎಂದು ಪಾಟಿಯ ಮೇಲೆ ಬರೆದು ತೋರಿಸಿದೆ. ಅದೇನೆಂದು ಶಾಂತವ್ವನಿಂದ ಕೇಳಿ ತಿಳಿದುಕೊಂಡು ಹಣೆ ಹಿಡಿದುಕೊಂಡರು.

"ಬಿಸಿ, ಖಾರ, ತೆಳ್ಳಗಿನ ನೀರು, ಅದರಾಗ ಉದ್ದಾನ ನೂಡಲ್ಸ್. ಕಾಕಾ, ಗಟ್ಟಿ-ತೆಳು ಕೂಡಿದ್ದು ನುಂಗೂದು ಎಲ್ಲಾದಕ್ಕಿಂತ ಕಠಿಣರಿ. ಅದು ಕಡೀ ಪರೀಕ್ಷೆ."

"ಅದನ್ನೇ ಬರೀತೀನಿ" ಎಂದು ಪಾಟಿಯ ಮೇಲೆ ಬರೆದೆ.

ದಿನಕ್ಕೆ ಮೂರು ಹೊತ್ತು ಕನ್ನಡಿಯ ಮುಂದೆ ನಾಲಗೆ ಚಾಚಿದೆ. ಮೇಲಧಿಕಾರಿಗಳಿಗೆ ಮಾಡಬೇಕೆಂದು ತಡೆದುಕೊಂಡದ್ದನ್ನೆಲ್ಲ ಕನ್ನಡಿಗೆ ಮಾಡಿ ತೋರಿಸಿದೆ. ಗದ್ದವನ್ನು ಎದೆಗೆ ಒತ್ತಿ ನುಂಗುವುದನ್ನು ಕಲಿತೆ. ಎರಡು ತಿಂಗಳಿಗೆ ಟ್ಯೂಬ್ ತೆಗೆದರು. ಮೆತ್ತಗಿನ ಊಟಕ್ಕೆ ಅಪ್ಪಣೆಯಾಯಿತು. ನೀರಿಗೆ ಮಾತ್ರ ಆಗಲಿಲ್ಲ. ತೆಳ್ಳಗಿನದು ಜಾರಿ ಉಸಿರಿಗೆ ಹೋಗುತ್ತದೆ. ನೀರನ್ನು ಗಟ್ಟಿ ಮಾಡುವ ಪುಡಿ ಬೆರೆಸಿ ಅಂಟಿನಂತೆ ಮಾಡಿಕೊಂಡು ಚಮಚದಲ್ಲಿ ತಿನ್ನಬೇಕು.

ಆ ಖುಷಿಗೆ ಮೂಡಲಗಿಯ ಅಕ್ಕ ಊಟಕ್ಕೆ ಕರೆದಳು. ಗೋಧಿ ಹುಗ್ಗಿಯನ್ನು ನುಣ್ಣಗೆ ಮಾಡಿದ್ದಳು. ಗದ್ದ ತಗ್ಗಿಸಿ, ಒಂದೊಂದೇ ಚಮಚ, ಒಂದೂ ತಪ್ಪಿಲ್ಲದೆ ಉಂಡೆ. ನಮ್ಮ ಮನೆತನದಲ್ಲಿ ತಾಟಿನಲ್ಲಿ ಒಂದು ಅಗುಳನ್ನೂ ಬಿಡುವುದಿಲ್ಲ. ಕೊನೆಗೆ ನೀರು ಹಾಕಿ ತಾಟು ತೊಳೆದು ಆ ನೀರನ್ನೂ ಕುಡಿಯುತ್ತೇವೆ. ಅಪ್ಪ ಹಾಗೆ ಮಾಡುತ್ತಿದ್ದ, ಅವನಪ್ಪನೂ. ಕೈ ಯಾರನ್ನೂ ಕೇಳಲಿಲ್ಲ. ನೀರು ಹಾಕಿತು, ತಾಟು ತಿರುವಿತು, ಬಾಯಿಗೆ ಎತ್ತಿತು. ಸುತ್ತ ಕುಳಿತ ಯಾರೂ ತಡೆಯಲಿಲ್ಲ. ಅದು ನೀರು ಎಂದು ಯಾರಿಗೂ ಹೊಳೆಯಲೇ ಇಲ್ಲ.

ಉಸಿರು ನಿಂತಿತು.

ಬೆನ್ನಿಗೆ ಗುದ್ದಿ ಗುದ್ದಿ ಹೇಗೋ ಮರಳಿ ತಂದರು. ಮೂರನೆಯ ದಿನ ಜ್ವರ. ನ್ಯುಮೋನಿಯಾ. ಆರು ದಿನ ಐಸಿಯು. ಮತ್ತೆ ಟ್ಯೂಬ್.

"ಇವರಿಗೆ ನೀರು ಕೊಟ್ಟವರು ಯಾರು?" ಎಂದು ಡಾಕ್ಟರು ಗದರಿದರು.

"ನೀರು ಯಾರೂ ಕೊಟ್ಟಿಲ್ಲರಿ. ತಾಟ ತೊಳದ ಕುಡದಾರ" ಎಂದಳು ಶಾಂತವ್ವ.

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರೂ ನಮ್ಮ ಕಡೆಯವರೇ. "ಖರೆ ಐತಿ. ಅದನ್ನ ಹೇಳೂದು ನನಗೂ ನೆನಪಾಗ್ಲಿಲ್ಲ" ಎಂದರು.

ವಾರ್ಡಿಗೆ ಬಂದ ದಿನ ಶಾಂತವ್ವ ನನ್ನ ಮುಖ ನೋಡದೆ ಹೇಳಿದಳು: "ಸಾಕ್ರಿ ಆ ಸ್ಟ್ಯೂ ಗೀವ್. ಟ್ಯೂಬ್ ಇರವಲ್ಲದ್ಯಾಕ. ನೀವು ಇದ್ರ ಸಾಕು."

ಆಕೆ ಅಳುವವಳಲ್ಲ. ಅಂದು ಧ್ವನಿ ಒಡೆದಿತ್ತು. ಟ್ಯೂಬಿನಲ್ಲಿ ಬದುಕಬಹುದು, ಬದುಕುವವರಿದ್ದಾರೆ, ಅವರು ನನಗಿಂತ ಗಟ್ಟಿ ಜನ. ಆದರೆ ನನ್ನ ಸಿರಿಂಜ್ ತುಂಬಿಸಿದ ಮೇಲೆ ಆಕೆ ಅಡುಗೆಮನೆಯಲ್ಲಿ ಬಾಗಿಲ ಮರೆಗೆ ನಿಂತು, ನನಗೆ ವಾಸನೆ ಬರಬಾರದೆಂದು, ತಣ್ಣಗಿನ ರೊಟ್ಟಿ ತಿನ್ನುತ್ತಿದ್ದುದನ್ನು ನಾನು ನೋಡಿದ್ದೆ. ಹಾಗೆ ಇಬ್ಬರೂ ಮುಗಿದುಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಪಾಟಿ ತೆಗೆದುಕೊಂಡು ಬರೆದೆ: "ಮರುಮೋಜಣಿ ಮಾಡೋಣ."

ಮೊದಲಿನಿಂದ ಶುರು. ಕನ್ನಡಿ, ನಾಲಗೆ, ಗದ್ದ. ಟ್ಯೂಬ್ ಎರಡನೆಯ ಸಲ ಹೊರಬಂದ ಮೇಲೆ ತಾಟನ್ನು ಬೆರಳಿನಿಂದ ಬಳಿದು ಉಣ್ಣಲು ಕಲಿತೆ; ಹಿರಿಯರು ಮನ್ನಿಸಿದ್ದಾರೆಂದು ಭಾವಿಸಿದ್ದೇನೆ. ಏಳನೆಯ ತಿಂಗಳು ಬೇರಿಯಂ ನುಂಗಿಸಿ ಎಕ್ಸ್-ರೇಯಲ್ಲಿ ನೋಡಿದರು.

"ಪಾಸಾದ್ರಿ ಕಾಕಾ" ಎಂದರು ಮೇಡಂ. "ಆದ್ರ ಅಂಚಿನ ಮ್ಯಾಲ. ಸಣ್ಣ ಗುಟುಕು. ಉಣ್ಣುವಾಗ ಮಾತಿಲ್ಲ."

ಹೋದ ವಾರ ಸಂಕೇಶ್ವರಕ್ಕೆ ಹೋದೆವು.

"ಬರ್ರಿ ಸಾಹೇಬ್ರ! ಏನ್ರಿ ಇದು, ಮೋಜಣಿ ಸಾಹೇಬ್ರು ಹೋಗಿ ಬರೇ ಸರಪಳಿ ಉಳದೈತಲ್ಲ!" ಎಂದು ಬಾಳಪ್ಪ ಎದುರು ಬಂದ. "ನೂಡಲ್ಸ್ ಮಿಕ್ಸಿಗೆ ಹಾಕ್ಲೇನ್ರಿ?"

"ಹಾಕಿದ್ರ ನಿನ್ನ ಹೋಟೆಲ್ ಅತಿಕ್ರಮಣ ಅಂತ ಬರೀತೀನಿ" ಎಂದೆ, ತೊದಲುತ್ತ.

"ಮಿಕ್ಸಿ ಬ್ಯಾಡ. ಖಾರ ಅರ್ಧಾ ಮಾಡಪಾ. ಅವರನ್ನೇನ್ ಕೇಳ್ತಿ" ಎಂದಳು ಶಾಂತವ್ವ. ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಮಿಲಿಟರಿಯವರಿಗೆ ಬೇಗ ತಿಳಿಯುತ್ತದೆ. ಆತ ಖಾರ ಅರ್ಧ ಮಾಡಿದ.

ಕುದಿ ಬಂತು. ಶಾಂತವ್ವ ಚೀಲದಿಂದ ಕತ್ತರಿ ತೆಗೆದು ನೂಡಲ್ಸನ್ನು ಗುಲಗಂಜಿಯಷ್ಟು ತುಂಡು ಮಾಡಿದಳು. ನಾನು ನಾಚಿದೆ. "ಕೊರಿಯಾದಾಗೂ ಕತ್ತರೀಲೇ ಕತ್ತರಸ್ತಾರಂತರಿ" ಎಂದು ಬಾಳಪ್ಪ ಮರ್ಯಾದೆ ಉಳಿಸಿದ.

ಬಿಸಿ ತುಸು ಆರಿಸಿಕೊಂಡು, ಮೊದಲು ಬರೀ ನೂಡಲ್ಸ್. ಹೋಯಿತು. ಆಮೇಲೆ ಬರೀ ರಸ. ಹೋಯಿತು. ಮೂರನೆಯದು ಎರಡೂ ಕೂಡಿದ್ದು.

ಕೆಮ್ಮು ಬಂತು.

ಬಾಳಪ್ಪ ಸೌಟು ಹಿಡಿದು ನಿಂತ. ಶಾಂತವ್ವನ ಕೈ ಬೆನ್ನ ಮೇಲೆ ಬಂತು, ಗುದ್ದಲಿಲ್ಲ, ಕಾಯಿತು. ಗಟ್ಟಿ ಕೆಮ್ಮಿದೆ, ತಪ್ಪು ದಾರಿ ಹಿಡಿದದ್ದು ಮೇಲೆ ಬಂತು. ಉಸಿರು ಎಳೆದೆ. ಬಂತು.

"ಸಾಕು, ಏಳ್ರಿ" ಎಂದಳು.

ನಾನು ಏಳಲಿಲ್ಲ. ಚಮಚ ಅರ್ಧ ತುಂಬಿಸಿದೆ. ಗದ್ದ ಎದೆಗೆ ಒತ್ತಿದೆ. ಹುಳಿ, ಖಾರ, ಬಿಸಿ, ನೂಡಲ್ಸ್ ಎಲ್ಲ ಸೇರಿ ಗಂಟಲು ದಾಟಿ, ಎದೆಯ ಹಿಂದಿನಿಂದ ಹಾಯ್ದು ಹೊಟ್ಟೆಗೆ ಇಳಿದದ್ದು ಗೊತ್ತಾಯಿತು. ಸುಮ್ಮನೆ ಕುಳಿತೆ. ಇನ್ನೂ ಕುಳಿತೆ. ಏನೂ ಆಗಲಿಲ್ಲ.

ಒಂಬತ್ತು ಚಮಚಕ್ಕೆ ಮುಕ್ಕಾಲು ತಾಸು ಹಿಡಿಯಿತು. ಹತ್ತನೆಯದಕ್ಕೆ ಗಂಟಲು ದಣಿದೆನೆಂದಿತು, ಒಪ್ಪಿಕೊಂಡೆ. ಪಾತ್ರೆಯನ್ನು ಶಾಂತವ್ವನ ಕಡೆ ಸರಿಸಿದೆ. ಇಷ್ಟು ವರ್ಷಗಳಲ್ಲಿ ಆಕೆ ಅದರ ರುಚಿ ನೋಡಿರಲಿಲ್ಲ. ಒಂದು ಚಮಚ ಬಾಯಿಗೆ ಹಾಕಿ ಬಹಳ ಹೊತ್ತು ವಿಚಾರ ಮಾಡಿದಳು.

"ಇದಕ್ಕ ಏನ್ರಿ ಇಷ್ಟೆಲ್ಲಾ?" ಎಂದಳು. ಮತ್ತೆ ಪಾತ್ರೆ ಹತ್ತಿರ ಎಳೆದುಕೊಂಡು, ನನ್ನ ಕಣ್ಣೆದುರಿಗೇ ಕುಳಿತು, ಬಿಸಿ ಬಿಸಿಯಾಗಿ ಹೊಟ್ಟೆ ತುಂಬ ಉಂಡಳು.