ಸೀಟು ನೋಡಿಕೊಂಡವಳು

ನಾನು ವಾಕ್ ಸ್ವಾತಂತ್ರ್ಯಕ್ಕಾಗಿ ಕೆಲಸ ಬಿಟ್ಟೆ ಎಂದು ಚಿಕ್ಕಲಸಂದ್ರದ ನಮ್ಮ ಬೀದಿಯಲ್ಲಿ ಇವತ್ತಿಗೂ ನಂಬುವವರಿದ್ದಾರೆ. ಹಾಗೇನಿಲ್ಲ ಎಂದು ಹೇಳುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ.

ಜಯನಗರದ ಒಂದು ಕಂಪನಿಯಲ್ಲಿದ್ದೆ. ಜನ ಆನ್‌ಲೈನಿನಲ್ಲಿ ಹಾಕುವ ಕನ್ನಡ ಪೋಸ್ಟು, ವಿಡಿಯೊಗಳ ಮೇಲೆ ಯಾರಾದರೂ ದೂರು ಕೊಟ್ಟರೆ ಅವು ನಮ್ಮ ಪರದೆಗೆ ಬರುತ್ತಿದ್ದವು. ನೋಡಿ, ಉಳಿಸುವುದೋ ತೆಗೆಯುವುದೋ ಎಂದು ಬಟನ್ ಒತ್ತಬೇಕು. ಉಳಿಸಿದರೆ ಯಾಕೆ ಎಂದು ನಾಲ್ಕು ಸಾಲು ಕಾರಣ ಬರೆಯಬೇಕು. ತೆಗೆದರೆ ಯಾರೂ ಕೇಳುವುದಿಲ್ಲ. ಇನ್ನೊಂದು ಕಾಟವೆಂದರೆ, ಐದು ನಿಮಿಷ ಪರದೆ ಸುಮ್ಮನಿದ್ದರೆ ಸೀಟಿನಲ್ಲಿಲ್ಲ ಎಂದು ದಾಖಲಾಗಿಬಿಡುತ್ತಿತ್ತು. ಅದಕ್ಕೇ ಕಾಫಿಗೆ ಏಳುವವರು ಪಕ್ಕದವರಿಗೆ "ಸೀಟು ನೋಡ್ಕೋ" ಎಂದು ಹೇಳಿ ಹೋಗುತ್ತಿದ್ದರು. ಪಕ್ಕದವರು ಆಗಾಗ ಕೈಚಾಚಿ ಒಂದು ಬಟನ್ ಒತ್ತಿದರಾಯಿತು.

ನಮ್ಮ ಮನೆ ಓನರ್ ಆಂಟಿ ಕೆಳಗಿನ ಮನೆಯಲ್ಲೇ ಇದ್ದರು. ಎದುರಿನ ಪಾರ್ಕು ಇರುವ ಜಾಗ ಒಂದು ಕಾಲಕ್ಕೆ ಅವರ ಮಾವನವರ ರಾಗಿ ಹೊಲ. ಅಲ್ಲಿ ಏರಿಯಾದ ಮುಖಂಡನೊಬ್ಬನ ಕಡೆಯವರು ಉಯ್ಯಾಲೆ ಕಿತ್ತು ಶೆಡ್ ಎಬ್ಬಿಸತೊಡಗಿದಾಗ ಆಂಟಿ ದಿನಾ ವಿಡಿಯೊ ಮಾಡಿ ಆನ್‌ಲೈನಿನಲ್ಲಿ ಹಾಕತೊಡಗಿದರು. ಫೋನಿನಲ್ಲಿ ಜಾಗವಿಲ್ಲವೆಂದು, ಹಾಕಿದ ಮೇಲೆ ಫೋನಿನಿಂದ ಅಳಿಸುವುದು ಅವರ ಅಭ್ಯಾಸ. "ಶೆಡ್ ಮೊದಲಿಂದ್ಲೂ ಇತ್ತು" ಎಂದು ಆ ಕಡೆಯವರು ಸಾಧಿಸುತ್ತಿದ್ದರು. ವಾರ್ಡ್ ಆಫೀಸಿನವರು ಪುರಾವೆ ತನ್ನಿ ಎಂದರು. ಅಷ್ಟರಲ್ಲಿ ಯಾರದೋ ದೂರಿನ ಮೇಲೆ ಆಂಟಿಯ ಒಂದು ವಿಡಿಯೊ ಆನ್‌ಲೈನಿನಿಂದ ಹೋಯಿತು. ಮೊದಲೇ ಎರಡು ಹೋಗಿದ್ದವು, ಇದು ಮೂರನೆಯ ತಪ್ಪು ಎಂಬ ಲೆಕ್ಕದಲ್ಲಿ ಆಂಟಿಯ ಖಾತೆಯೇ ಮುಚ್ಚಿಹೋಯಿತು. ಪುರಾವೆಯೆಲ್ಲ ಅದರೊಳಗೇ ಇತ್ತು.

"ನಿಮ್ಮ ಆಫೀಸ್ನೋರೇನಮ್ಮಾ ಇದು?" ಎಂದು ಆಂಟಿ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಯಾರೋ ಒಳಗಿನವರೇ ಆ ಮುಖಂಡನ ಜತೆ ಶಾಮೀಲಾಗಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ.

ಆಗ ಆಫೀಸಿನಲ್ಲೂ ಅದೇ ಜಗಳ. ಕಂಡದ್ದನ್ನೆಲ್ಲ ತೆಗೆಯುತ್ತಿದ್ದೇವೆ, ಇದು ಸೆನ್ಸಾರ್ ಎಂದು ಒಂದು ಗುಂಪು ಮೇಲಿನವರಿಗೆ ಪತ್ರ ಬರೆಯಿತು. ಬೇಕಾಬಿಟ್ಟಿ ಬಿಟ್ಟರೆ ನಾಳೆ ಬೆಂಕಿ ಹತ್ತಿದಾಗ ನೀವು ಆರಿಸುತ್ತೀರಾ ಎಂದು ಇನ್ನೊಂದು ಗುಂಪು. ಪತ್ರಕ್ಕೆ ಮೊದಲ ಸಹಿ ನನ್ನದೇ. ಸಹಿ ಹಾಕದವರನ್ನೆಲ್ಲ ಕಳ್ಳರಂತೆ ನೋಡತೊಡಗಿದೆ. ನಮ್ಮ ತಂಡದ ಲೀಡ್ ಬಾಲ್ಕನಿಗೆ ಹೋಗಿ ಫೋನಿನಲ್ಲಿ ಮಾತಾಡಿದರೆ, ಗಾಜಿನ ಬಾಗಿಲಿನ ಬಳಿ ನೀರು ಕುಡಿಯುವ ನೆಪದಲ್ಲಿ ನಿಲ್ಲುತ್ತಿದ್ದೆ. ಒಮ್ಮೆ ಅರ್ಧ ಬಾಟಲಿ ನೀರು ಕುಡಿದ ಮೇಲೆ ಗೊತ್ತಾಯಿತು, ಪುಣ್ಯಾತ್ಮ ಗ್ಯಾಸ್ ಬುಕ್ ಮಾಡುತ್ತಿದ್ದ.

ಆಮೇಲೆ ನನ್ನ ಕಣ್ಣು ಪಕ್ಕದ ಸೀಟಿನ ಗೆಳತಿಯ ಮೇಲೆ ಬಿತ್ತು. ಮೂರು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವಳು. ಪತ್ರಕ್ಕೆ ಸಹಿ ಹಾಕಿರಲಿಲ್ಲ. ಇಟ್ಟಮಡುವಿನಲ್ಲಿ ಬಸ್ಸಿಗೆ ಕಾಯುವಾಗ ಆ ಮುಖಂಡನ ಹುಟ್ಟುಹಬ್ಬದ ಫ್ಲೆಕ್ಸ್ ಕಂಡಿತು. ಕೆಳಗಿನ ಸಾಲಿನ ಸಣ್ಣ ಸಣ್ಣ ಮುಖಗಳಲ್ಲಿ ಅವಳ ಭಾವ! ಅಯ್ಯೋ ಶಿವನೇ, ಇಷ್ಟು ಹತ್ತಿರದಲ್ಲಿತ್ತಾ ಎಂದುಕೊಂಡೆ. ಅವತ್ತಿನಿಂದ ಅವಳ ಡಬ್ಬಿಗೆ ಕೈಹಾಕಲಿಲ್ಲ. ಅವಳು "ಏನಾಯ್ತೇ ನಿಂಗೆ?" ಎಂದು ಎರಡು ಸಲ ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದೆ.

ಹಳೆಯ ನಿರ್ಣಯಗಳ ದಾಖಲೆ ತೆರೆಯುವ ಅನುಮತಿ ಕೇಳಿ ಪಡೆದೆ. ಆಂಟಿಯ ವಿಡಿಯೊ ತೆಗೆದದ್ದು ಅವಳ ಸೀಟಿನಿಂದಲೇ. ನಿಜ ಹೇಳುತ್ತೇನೆ, ನನಗೆ ದುಃಖವಾಗಲಿಲ್ಲ, ಖುಷಿಯಾಯಿತು. ಆ ಸಾಲನ್ನು ಪ್ರಿಂಟ್ ತೆಗೆದು ಎಲ್ಲರೆದುರೇ ಅವಳ ಮೇಜಿನ ಮೇಲಿಟ್ಟೆ.

"ನಿಮ್ಮ ಭಾವ ಹೇಳಿದ್ರಾ ತೆಗಿ ಅಂತ?"

ಅವಳು ಸಿಟ್ಟಾಗಲಿಲ್ಲ. ಕಾಗದವನ್ನು ಎರಡು ಸಲ ಓದಿ, ನನಗೆ ಮಾತ್ರ ಕೇಳುವಂತೆ ಹೇಳಿದಳು.

"ಟೈಮ್ ನೋಡು. ಹನ್ನೊಂದೂಕಾಲು. ಅವತ್ತು ಅಮ್ಮನ ರಿಪೋರ್ಟ್ ಬಂತು ಅಂತ ಡಾಕ್ಟರ್ ಫೋನ್ ಬಂದಿತ್ತಲ್ಲ, ನಾನು ಮೆಟ್ಲ ಮೇಲೆ ಅಳ್ತಾ ಕೂತಿದ್ದೆ. ಸೀಟು ನೋಡ್ಕೊಂಡಿದ್ದು ನೀನು ಕಣೇ."

ನೆನಪಾಯಿತು. ನನ್ನ ಪರದೆಯ ಮೇಲೆ ಕಣ್ಣಿಟ್ಟು, ಎಡಗೈಯನ್ನು ಅವಳ ಕೀಬೋರ್ಡಿಗೆ ಚಾಚಿದ್ದೆ. ಉಳಿಸಿದರೆ ಕಾರಣ ಬರೆಯಬೇಕಲ್ಲ, ಅದಕ್ಕೆ ತೆಗೆ, ತೆಗೆ, ತೆಗೆ ಎಂದು ಒತ್ತಿದ್ದೆ. ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಆಂಟಿಯ ಪಾರ್ಕು ಆ ಪರದೆಯಲ್ಲಿ ಬಂದು ಹೋಗಿತ್ತು, ನಾನು ತಿರುಗಿ ಕೂಡ ನೋಡಿರಲಿಲ್ಲ.

ಖಾತೆ ಮರಳಿ ತೆರೆಸಲು ಮೇಲಿನವರಿಗೆಲ್ಲ ಬರೆದೆ. ಮೂರು ವಿಡಿಯೊ ತೆಗೆದ ಮೇಲೆ ಖಾತೆ ಮುಚ್ಚಿದ್ದು ನಿಯಮದ ಪ್ರಕಾರವೇ ಇದೆ ಎಂದರು. ಅದೇ ವಾರ ರಾಜೀನಾಮೆ ಕೊಟ್ಟೆ. ಪತ್ರ ಬರೆದ ಗುಂಪು ನನಗೆ ಕೇಕ್ ತಂದು ಚಪ್ಪಾಳೆ ತಟ್ಟಿತು. ಗೆಳತಿ ಸೀಟಿನಿಂದ ಏಳಲಿಲ್ಲ. ಅವಳ ಕ್ಷಮೆ ಕೇಳಲೂ ನನಗೆ ನಾಚಿಕೆಯಾಯಿತು.

ಆಂಟಿ ಮಾತ್ರ ಬೀದಿಗೆಲ್ಲ ಹೇಳಿಕೊಂಡು ಬಂದರು, "ನಮ್ ಪಾರ್ಕಿಗೋಸ್ಕರ ಕೆಲಸಾನೇ ಬಿಟ್ಟಳು ಕಣ್ರೀ." ಶೆಡ್ಡಿಗೆ ಶೀಟು ಹೊದೆಸಿದ ದಿನ ನನಗೆ ತಡೆಯಲಾಗಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಅವರಿಗೆ ಹೇಳಿಬಿಟ್ಟೆ.

"ಆಂಟಿ, ನಿಮ್ಮ ವಿಡಿಯೊ ತೆಗೆದಿದ್ದು ನಾನೇ."

ಅವರು ಶೆಡ್ಡಿನ ಕಡೆಯಿಂದ ನನ್ನತ್ತ ತಿರುಗಿದರು.

"ಏನು ಕಂಡು ತೆಗೆದೆ ಅದ್ರಲ್ಲಿ?"

"ನಾನು ನೋಡ್ಲೇ ಇಲ್ಲ ಆಂಟಿ."

"ನೋಡಿ ತೆಗೆದಿದ್ರೆ ನಿನ್ ಜೊತೆ ಜಗಳನಾದ್ರೂ ಆಡಬಹುದಿತ್ತಲ್ಲಮ್ಮ" ಎಂದು ಆಂಟಿ ಒಳಗೆ ಹೋದರು.