ಪಕ್ಕದ ಮನೆಯ ಶೋಭಕ್ಕ

ಶೋಭಕ್ಕ, ಕಾಲೇಜಿಗೆ ಸೇರಲು ನಾನು ಬರೆದುಕೊಟ್ಟ ಪ್ರಬಂಧ ನನ್ನ ಬದುಕಿನದಲ್ಲ—ನಿನ್ನದು. ನಿನ್ನ ನೋವನ್ನು ನನ್ನದೆಂದು ಬರೆದು ಸೀಟು ಪಡೆದೆ. ಇವತ್ತಿಗೂ ನಿನಗಿದು ಗೊತ್ತಿಲ್ಲ.

‘ನಿಮ್ಮನ್ನು ಬದಲಿಸಿದ ಸ್ವಂತ ಅನುಭವ’ ಎಂದು ವಿಷಯ ಕೊಟ್ಟಿದ್ದರು. ಕುಷಾಯಿಗೂಡದ ಮನೆಯಲ್ಲಿ ಕೂತು ಯೋಚಿಸಿದೆ. ರಾಯಚೂರು ಬಿಟ್ಟು ಬಂದದ್ದು, ಅಪ್ಪನ ಫ್ಯಾಕ್ಟರಿ ಡ್ಯೂಟಿ, ಬಾಗಿಲಾಚೆ ತೆಲುಗು, ಒಳಗೆ ಕನ್ನಡ—ಯಾವುದೂ ನನ್ನನ್ನು ಬದಲಿಸಿರಲಿಲ್ಲ. ಬದಲಾದವಳು ನೀನು. ಆ ವರ್ಷ ನಿನ್ನ ತಲೆಗೂದಲು ಅಲ್ಲಲ್ಲಿ ಉದುರತೊಡಗಿ, ಕೊನೆಗೆ ಹುಬ್ಬೂ ಉಳಿಯಲಿಲ್ಲ. ನೀನು ಡಿಗ್ರಿ ಅರ್ಧಕ್ಕೆ ಬಿಟ್ಟೆ. ಕನ್ನಡಿಗೆ ಟವೆಲ್ ಹೊದಿಸಿದೆ.

ಮೊದಲು ನನ್ನ ಒಡಹುಟ್ಟಿದ ಅಕ್ಕನ ಕಥೆ ಎಂದೇ ಬರೆದೆ. ಓದಿದಾಗ ಸಪ್ಪೆ ಅನ್ನಿಸಿತು. ಆಮೇಲೆ ‘ಅವಳು’ ಇದ್ದಲ್ಲೆಲ್ಲ ‘ನಾನು’ ಎಂದು ತಿದ್ದಿದೆ. ದಿಂಬಿನ ಮೇಲಿನ ಕೂದಲನ್ನು ಅವ್ವ ನೋಡುವ ಮೊದಲೇ ನೀನು ಆರಿಸಿ ತೆಗೆಯುತ್ತಿದ್ದುದು, ಸಿಟಿ ಬಸ್ಸಿನಲ್ಲಿ ಯಾವನೋ ನಿನ್ನ ದುಪಟ್ಟಾ ಎಳೆದದ್ದು—ನೀನು ನನ್ನೊಬ್ಬಳಿಗೇ ಹೇಳಿದ್ದ ಆ ಮಾತು—ಯಾವುದನ್ನೂ ಬಿಡಲಿಲ್ಲ. ಏನೂ ಅನ್ನಿಸಲಿಲ್ಲ.

ಸಂದರ್ಶನಕ್ಕೆ ನನ್ನ ಜೊತೆ ಬಂದವಳೂ ನೀನೇ. ಹೊರಗೆ ಕಾಲಿಡುವುದನ್ನೇ ನಿಲ್ಲಿಸಿದ್ದವಳು, ‘ಅಪ್ಪಗ ರಜಾ ಇಲ್ಲ, ನಾ ಬರ್ತೀನಿ ನಡಿ,’ ಎಂದು ದುಪಟ್ಟಾ ಬಿಗಿದು ಕಟ್ಟಿಕೊಂಡು ಹೊರಟೆ. ಒಳಗೆ ಮೇಡಂ ಒಬ್ಬರು ನನ್ನ ಜಡೆ ನೋಡಿ, ‘ಎಷ್ಟು ಚೆನ್ನಾಗಿ ಮತ್ತೆ ಬೆಳೆದಿದೆ!’ ಎಂದರು. ನಕ್ಕೆ. ನನ್ನನ್ನು ಕಳಿಸಲು ಬಾಗಿಲವರೆಗೆ ಬಂದವರು ಬೆಂಚಿನ ಮೇಲೆ ಕೂತಿದ್ದ ನಿನ್ನನ್ನು—ಹುಬ್ಬಿಲ್ಲದ ನಿನ್ನ ಮುಖವನ್ನು—ಕಂಡರು. ಇಂಗ್ಲಿಷಿನಲ್ಲಿ ಕೇಳಿದರು, ‘ಇವರು ನಿಮ್ಮ ಅಕ್ಕನೇ?’

‘ಅಲ್ಲ ಮೇಡಂ. ಪಕ್ಕದ ಮನೆಯವರು.’

ನೀನು ನನ್ನ ಕಡೆ ನೋಡಲಿಲ್ಲ. ಎದ್ದು ನಿಂತು, ನಮ್ಮ ಕನ್ನಡ ಎಲ್ಲಿ ಬಾಯಿಗೆ ಬಂದುಬಿಡುತ್ತದೋ ಎಂಬಂತೆ, ತೆಲುಗಿನಲ್ಲಿ ‘ಅವುನಂಡಿ’ ಎಂದೆ—ಹೌದು ಎಂದು.

ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸುವಾಗ ನೀನು ಕೇಳಿದ್ದು ಇಷ್ಟೇ: ‘ಹಸಿವಾಗೇತೇನು?’

ಸೀಟು ಸಿಕ್ಕಿತು. ನೀನು ಹಾಸ್ಟೆಲ್ಲಿಗೆ ಬಿಡಲು ಬರಲಿಲ್ಲ, ನನ್ನ ಪದವಿ ಪ್ರದಾನಕ್ಕೂ ಬರಲಿಲ್ಲ. ನನ್ನ ಮದುವೆಯಲ್ಲಿ ಅಡುಗೆಯವರನ್ನು ನೋಡಿಕೊಳ್ಳಬೇಕೆಂದು ಹಿಂದೆಯೇ ಉಳಿದೆ. ಒಂದು ಫೋಟೋದಲ್ಲೂ ನೀನಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕೇಳುವುದೇನಿತ್ತು—

ಕಳೆದ ತಿಂಗಳು ಅವ್ವನ ಮನೆಯಲ್ಲಿ ಜೋಳದ ಹಿಟ್ಟು ನಾದುತ್ತಾ ನೀನಾಗಿಯೇ ಹೇಳಿದೆ: ‘ಅವತ್ತ ನನ್ನ ಅಕ್ಕ ಅನ್ನಾಕ ನಿನಗ ನಾಚಿಕಿ ಆತು. ಸಣ್ಣಾಕಿ ಇದ್ದಿ. ಅದನ್ನ ಇನ್ನೂ ಮನಸಿನ್ಯಾಗ ಯಾಕ ಇಟ್ಕೊಂಡಿ? ನಾ ಅವಾಗ್ಲೇ ಮರ್ತೀನಿ.’

ನಾಚಿಕೆ! ಅಷ್ಟೇ ಆಗಿದ್ದರೆ— ಅಕ್ಕ ಎಂದಿದ್ದರೆ ಪ್ರಬಂಧ ಯಾರ ಬದುಕಿನದೆಂದು ಮೇಡಂಗೆ ತಿಳಿದುಬಿಡುತ್ತಿತ್ತು.

ತಲೆಯಾಡಿಸಿದೆ. ನಾನು ಮಾಡದ ಸಣ್ಣ ತಪ್ಪಿಗೆ ನೀನು ಕೊಟ್ಟ ಕ್ಷಮೆಯನ್ನು ಸುಮ್ಮನೆ ತೆಗೆದುಕೊಂಡೆ. ನೀನು ಬಡಿಸಿದ ರೊಟ್ಟಿ ತಿಂದು ಶಂಶಾಬಾದಿನ ನನ್ನ ಮನೆಗೆ ಮರಳಿದೆ. ಅಳು ಬರಲಿಲ್ಲ. ಬರಬಹುದೆಂದು ಎಷ್ಟೋ ಹೊತ್ತು ಕಾದೆ.

ಭಾನುವಾರ ಬರುತ್ತೇನೆ. ನಾನು ಏನೇನು ಬರೆದೆನೆಂದು ನಿನ್ನೆದುರು ಕೂತು ಪೂರ್ತಿ ಹೇಳುತ್ತೇನೆ. ಮಧ್ಯದಲ್ಲಿ ನೀನು ಎದ್ದು ಹೋದರೆ ತಡೆಯುವುದಿಲ್ಲ.