ನಾರ್ಮಲ್ ರಿಪೋರ್ಟಿನ ಮಂಕು

ಈಚೆಗೆ ನಾನು ತಿನ್ನದೇ ಇದ್ದ ಮಸಾಲೆದೋಸೆಯೊಂದನ್ನು ಬಾಯ್ತುಂಬ ಹೊಗಳಿದೆ. ಹನುಮಂತನಗರದ ನಮ್ಮ ಮನೆಯ ತಿರುವಿನಲ್ಲೇ ಒಂದು ದರ್ಶಿನಿಯಿದೆ. ಅಲ್ಲಿ ದುಡ್ಡು ಕೊಟ್ಟು, ಚೀಟಿ ಹಿಡಿದು, ಜನರ ಹಿಂದೆ ನಿಂತದ್ದು ನೆನಪಿದೆ. ಆಮೇಲಿನದೆಲ್ಲ ಮಂಜು. ಮನೆಗೆ ಬಂದರೆ ಯಜಮಾನರು, "ದೋಸೆ ಹೇಗಿತ್ತೇ?" ಎಂದರು. "ಸಖತ್ತಾಗಿತ್ತು ರೀ, ಗರಿಗರಿ" ಎಂದೆ. ಅವರು ಮೆಲ್ಲಗೆ ನನ್ನ ಮುಷ್ಟಿ ಬಿಡಿಸಿದರು. ದೋಸೆಯ ಚೀಟಿ ಇನ್ನೂ ಅಲ್ಲೇ ಬೆಚ್ಚಗೆ ಕೂತಿತ್ತು.

ತಪ್ಪನ್ನು ಥೈರಾಯ್ಡಿನ ತಲೆಗೆ ಕಟ್ಟೋಣವೆಂದರೆ ಅದರ ರಿಪೋರ್ಟು ಈಗ ನಾರ್ಮಲ್. ಕತ್ತಿನಲ್ಲಿ ಚಿಟ್ಟೆಯ ಹಾಗೆ ಕೂತಿರುವ ಈ ಗ್ರಂಥಿಗೆ ಗ್ರೀಕ್ ಭಾಷೆಯಲ್ಲಿ ಗುರಾಣಿ ಎಂಬರ್ಥದ ಪದದಿಂದ ಹೆಸರು ಬಂತಂತೆ. ಗುರಾಣಿಗೇ ತೂಕಡಿಕೆ ಬಂದರೆ ಯುದ್ಧದ ಗತಿಯೇನೆಂದು ಹೆಸರಿಟ್ಟವರು ಯೋಚಿಸಿದ ಹಾಗಿಲ್ಲ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಕಾಫಿಗಾಗಿ ಕಾಯಬೇಕು. ಬಸವನಗುಡಿಯಲ್ಲಿ ಹುಟ್ಟಿದವಳಿಗೆ ಇದು ಕಾಯಿಲೆಗಿಂತ ದೊಡ್ಡ ಶಿಕ್ಷೆ. ಮೊದಮೊದಲು ನಾನು ಮಾತ್ರೆಯನ್ನು ಕಾಫಿಯಲ್ಲೇ ನುಂಗುತ್ತಿದ್ದೆ. ನೀರಿನಲ್ಲಿ ನುಂಗಿ ಎಂದಿದ್ದರು. ಕಾಫಿಯಲ್ಲೂ ನೀರಿದೆಯಲ್ಲ ಎಂಬುದು ನನ್ನ ವಾದ. ಜಯನಗರದ ಡಾಕ್ಟರಮ್ಮ ಇದನ್ನು ಕೇಳಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಅಂದಿನಿಂದ ನೆಟ್ಟಗಾದೆ. ರಿಪೋರ್ಟೂ ನೆಟ್ಟಗಾಯಿತು. ಮಂಕು ಮಾತ್ರ ಬಿಟ್ಟು ಹೋಗಲಿಲ್ಲ. "ಎಲ್ಲಾ ಸರಿಯಿದ್ರೆ ನಾನ್ಯಾಕೆ ಹಿಂಗಿದೀನಿ ಡಾಕ್ಟ್ರೇ?" ಎಂದು ಕೇಳಿದೆ. ಪುಣ್ಯಕ್ಕೆ ಅವರು ನಗಲಿಲ್ಲ. ರಕ್ತ ಕಡಿಮೆಯಾಗಿದೆಯೇ, ವಿಟಮಿನ್ ಇದೆಯೇ, ನಿದ್ದೆ ಹೇಗೆ ಎಂದೆಲ್ಲ ಪರೀಕ್ಷಿಸಿ, "ಕೆಲವ್ರಿಗೆ ಈ ಸುಸ್ತು ಹಂಗೇ ಉಳ್ಕೊಳ್ಳುತ್ತೆ ಕಣ್ರಮ್ಮ. ಡೋಸ್ ನೀವೇ ಜಾಸ್ತಿ ಮಾಡ್ಕೋಬೇಡಿ. ತಲೆ ಓಡ್ಸೋ ಕೆಲ್ಸ ಬೆಳಗ್ಗೆನೇ ಮುಗಿಸಿ. ಸುಸ್ತಾದ್ಮೇಲಲ್ಲ, ಸುಸ್ತಾಗೋಕೆ ಮುಂಚೆನೇ ಕೂತ್ಕೊಳ್ಳಿ" ಎಂದರು.

ಹೇಳುವುದು ಸುಲಭ. ನಮ್ಮ ಮನೆಗಳಲ್ಲಿ ಹೆಂಗಸು ಕೂರಬೇಕಾದರೆ ಮಡಿಲಲ್ಲಿ ಅವರೆಕಾಯಿಯೋ ಕಟ್ಟುವ ಹೂವೋ ಇರಬೇಕು. ಸುಮ್ಮನೆ ಕೂತರೆ ಬಂದವರೆಲ್ಲ "ಹುಷಾರಿಲ್ವಾ?" ಎನ್ನುತ್ತಾರೆ. ಹುಷಾರಿಲ್ಲ ಎಂದರೆ "ರಿಪೋರ್ಟ್ ನಾರ್ಮಲ್ ಅಂದ್ರಲ್ಲ?" ಎನ್ನುತ್ತಾರೆ.

ಅಷ್ಟರಲ್ಲಿ ನವರಾತ್ರಿ ಬಂತು. ಕೋಣನಕುಂಟೆಯಿಂದ ನಾದಿನಿ ಶಾರದೆಯ ಫೋನೂ ಬಂತು. "ಅತ್ತಿಗೆ, ಈ ವರ್ಷ ನಿಮ್ಮ ಕೈಲಿ ಆಗಲ್ಲ. ಗೊಂಬೆಗಳನ್ನ ನಮ್ಮನೇಗೆ ಕಳ್ಸಿಬಿಡಿ, ಇಲ್ಲೇ ಕೂರಿಸ್ತೀನಿ."

ಅತ್ತೆಯವರು ಮಗಳಿದ್ದೂ ನನ್ನ ಕೈಗಿಟ್ಟು ಹೋದ ಗೊಂಬೆಗಳು ಅವು. ಒಮ್ಮೆ ಕೋಣನಕುಂಟೆ ಸೇರಿದರೆ ತಿರುಗಿ ಬರುವ ಮಾತಿಲ್ಲ. ಅದಕ್ಕಿಂತಲೂ ಆ "ಆಗಲ್ಲ" ಚುಚ್ಚಿತು, ಏಕೆಂದರೆ ಅದು ನಿಜವೇನೋ ಎಂಬ ಭಯ ನನಗೂ ಇತ್ತು. "ಏನೂ ಬೇಡ, ಎಲ್ರೂ ಇಲ್ಲಿಗೇ ಅರಿಶಿನ ಕುಂಕುಮಕ್ಕೆ ಬನ್ನಿ" ಎಂದು ಫೋನಿಟ್ಟೆ.

ಆಮೇಲೆ ನಾನು ಮಾಡಿದ್ದು ಶುದ್ಧ ದಡ್ಡತನ. ಹಂತ ಜೋಡಿಸಿದೆ, ಪಟ್ಟದ ಗೊಂಬೆಗಳಿಗೆ ಜರಿ ಸುತ್ತಿದೆ, ಕಡಲೆಕಾಳು ಬೇಯಿಸಿದೆ, ತಾಂಬೂಲ ಕಟ್ಟಿದೆ. ಎಲ್ಲ ಒಂದೇ ದಿನ, ಎಲ್ಲ ಒಬ್ಬಳೇ. ಮಹಡಿಯ ಮನೆಯ ಗಿರಿಜಾ ಸಹಾಯಕ್ಕೆ ಬಂದರೆ, "ನಾನು ಆರಾಮಾಗಿದೀನಿ ಕಣ್ರೀ" ಎಂದು ವಾಪಸ್ಸು ಕಳಿಸಿದೆ. ಸಂಜೆ ರೇಷ್ಮೆ ಸೀರೆಯುಟ್ಟು, ನೆರಿಗೆ ಸರಿಮಾಡಿಕೊಳ್ಳಲೆಂದು ದಿವಾನ್ ಮಂಚದ ಅಂಚಿನಲ್ಲಿ ಸ್ವಲ್ಪ ಕೂತೆ.

ಕಣ್ಣು ಬಿಟ್ಟಾಗ ದೀಪ ಉರಿಯುತ್ತಿತ್ತು. ಮನೆ ನಿಶ್ಶಬ್ದ. ತಲೆಯ ಕೆಳಗೆ ದಿಂಬು, ಮುಡಿಯಲ್ಲಿ ಯಾರೋ ಮುಡಿಸಿದ ಮಲ್ಲಿಗೆ. ನಾನೇ ಕಟ್ಟಿದ ತಾಂಬೂಲದ ಪೊಟ್ಟಣವೊಂದು ನನ್ನ ಮಡಿಲಲ್ಲೇ ಇತ್ತು. ನನ್ನ ಮನೆಯ ಅರಿಶಿನ ಕುಂಕುಮಕ್ಕೆ ನಾನೇ ಅತಿಥಿಯಾಗಿ ಹೋಗಿದ್ದೆ!

"ಯಾಕ್ರೀ ಎಬ್ಬಿಸ್ಲಿಲ್ಲ?" ಎಂದು ಯಜಮಾನರ ಮೇಲೆ ಹರಿಹಾಯ್ದೆ.

"ಎಬ್ಬಿಸೋಕೆ ಬಂದೆ. ಶಾರದೇನೇ ಬಿಡ್ಲಿಲ್ಲ. ಅವಳು ಕಾಳಿಗೆ ಒಗ್ಗರಣೆ ಹಾಕಿದ್ಲು, ಗಿರಿಜಾ ಕಾಫಿ ಮಾಡಿದ್ರು. ನಿನಗೆ ಎಚ್ಚರ ಆಗುತ್ತೆ ಅಂತ ಆರತಿ ಹಾಡನ್ನ ಎಲ್ರೂ ಪಿಸುಪಿಸು ಅಂತ ಹಾಡಿದ್ರು. ಪಾತ್ರೆನೂ ತೊಳ್ದಿಟ್ಟು ಹೋದ್ರು."

ಪಿಸುಗುಟ್ಟುವ ಆರತಿಯನ್ನು ನೆನೆಸಿಕೊಂಡು ನಗು ಬಂತು, ಹಿಂದೆಯೇ ಅಳು. ಸೋತೆ ಎನಿಸಿತು. ಗೊಂಬೆಗಳು ಹೋದವು ಎಂದೇ ಅಂದುಕೊಂಡು, ಕೇಳುವುದನ್ನು ಕೇಳಿಯೇಬಿಡೋಣವೆಂದು ಶಾರದೆಗೆ ಫೋನು ಮಾಡಿದೆ. "ಯಾವಾಗ ತಗೊಂಡು ಹೋಗ್ತೀಯಮ್ಮ?" ಎಂದೆ.

"ಅಯ್ಯೋ, ಅಲ್ಲೇ ಇರ್ಲಿ ಅತ್ತಿಗೆ" ಎಂದಳು. "ನಮ್ಮನೇಲಾಗಿದ್ರೆ ನಾನೊಬ್ಳೇ ಸಾಯ್ಬೇಕಿತ್ತು. ನಿಮ್ಮನೇಲಿ ಎಲ್ರೂ ಸೇರಿ ಮಾಡಿದ್ವಿ, ಇಷ್ಟು ಮಜಾ ಯಾವತ್ತೂ ಬಂದಿರ್ಲಿಲ್ಲ. ನೀವು ಎದ್ದಿದ್ರೆ ಅಡುಗೆಮನೆಗೆ ಬಿಡ್ತಿದ್ರಾ ನಮ್ಮನ್ನ?" ಬಿಡುತ್ತಿರಲಿಲ್ಲ, ಖಂಡಿತ. ಆ ಕಡೆಯಿಂದ ಅವಳೇ ಮುಂದುವರಿಸಿದಳು: "ನಾಳೆ ಎಷ್ಟೊತ್ತಿಗೆ ಮಲಗ್ತೀರಾ ಹೇಳಿ, ಸರಿಯಾಗಿ ಆ ಹೊತ್ತಿಗೇ ಬರ್ತೀವಿ."

"ಊಟ ಆದ ತಕ್ಷಣ" ಎಂದೆ, ನಾಚಿಕೆ ಬಿಟ್ಟು.